ತನ್ನ ಕಡೆ ತಿರುಗಿಸಿಕೊಂಡ ಸ್ಪೀಕರ್

ಚನ್ನವೀರನ ಗಿಟಾರು ಜೋರಾಯಿತೆಂಬ ದೂರು ಮೊದಲು ಬಂದದ್ದು ಸಿದ್ದಾಪುರದಲ್ಲಿ, ಸಾರ್ವಜನಿಕ ಗಣಪತಿಯ ಮುಂದೆ ನಡೆದ ರಸಮಂಜರಿಯಲ್ಲಿ. ಹಾಡುವ ಹುಡುಗಿಯ ದನಿಯೇ ಕೇಳುತ್ತಿಲ್ಲವೆಂದು ಮುಂದಿನ ಸಾಲಿನವರು ಎದ್ದು ಬಂದು ಹೇಳಿದರು. ಆರ್ಕೆಸ್ಟ್ರಾದ ಯಜಮಾನ ಕಮಲಾಕರ ಹೆಗಡೆ ವೇದಿಕೆಯ ಬದಿಯಿಂದ ಕೈ ಕೆಳಗೆ ಮಾಡಿ ಸನ್ನೆ ಮಾಡಿದ. ಚನ್ನವೀರ ತನ್ನ ಆಂಪ್ಲಿಫೈಯರನ್ನು ಸ್ವಲ್ಪ ತಗ್ಗಿಸಿದ. ಎರಡು ಹಾಡು ಮುಗಿಯುವಷ್ಟರಲ್ಲಿ ಮತ್ತೆ ಏರಿಸಿದ. ತನ್ನ ತಂತಿ ತನಗೇ ಕೇಳದಿದ್ದರೆ ಬೆರಳು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಹೇಗೆ ತಿಳಿಯಬೇಕು?

ಅದೇ ವಾರ ಕಮಲಾಕರ ಶಿರಸಿಗೆ ಬಂದ. ಸಿ.ಪಿ. ಬಜಾರಿನಲ್ಲಿ ಚನ್ನವೀರನದು ದಾರ, ಗುಂಡಿ, ಲೇಸು, ಝಿಪ್ಪು, ಸೀರೆಯ ಫಾಲು ಮಾರುವ ಸಣ್ಣ ಅಂಗಡಿ. ಹರೆಯದಲ್ಲಿ ಹುಬ್ಬಳ್ಳಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಸಂಜೆ ಹೊತ್ತು ಗಿಟಾರು ಕಲಿತವನು, ಈಗ ನಲವತ್ತೆಂಟು ದಾಟಿದರೂ ಬಿಟ್ಟಿರಲಿಲ್ಲ. ಕಮಲಾಕರನ ಜೊತೆ ಮೊದಲಿನಿಂದ ಇದ್ದವರಲ್ಲಿ ಉಳಿದವನು ಅವನೊಬ್ಬನೇ.

"ನಿಂಗೆ ಸಿಟ್ಟು ಬರ್ತದೆ ಅಂತ ಗೊತ್ತು ಮಾರಾಯ. ಆದ್ರೂ ಹೇಳ್ಲೇಬೇಕು," ಅಂದ ಕಮಲಾಕರ, ಸ್ಟೂಲು ಎಳೆದುಕೊಂಡು. "ಮುಂದಿನ ವರ್ಷ ಕರೆಯೂದಿಲ್ಲ ಅಂತ ಸಿದ್ದಾಪುರದವ್ರು ಹೇಳಿದ್ರು. ಎಂತೆಂತದೋ ಹೇಳಿ ಸಮಾಧಾನ ಮಾಡಿ ಬಂದೆ."

"ನನಗ ಏನೂ ಕೇಳೂದಿಲ್ಲ ಕಮಲಾಕರ. ಬೆನ್ನಿಗೆ ಡ್ರಮ್ ಸೆಟ್ ಇಡ್ತೀರಿ. ದೊಡ್ಡ ಸ್ಪೀಕರ್ ಎಲ್ಲಾ ಮಂದಿ ಕಡೆ ಮುಖಾ ಮಾಡಿರ್ತಾವು. ನಾ ಏರಸ್ದ ಏನ್ ಮಾಡ್ಲಿ?"

"ಅದಕ್ಕೇ ಹೇಳೂದು, ಒಂದು ಮಾನಿಟರ್ ತಗೊ. ನಿನ್ನ ಕಡೆ ತಿರುಗಿಸಿ ಇಟ್ಕೊ. ಅದ್ರೊಳಗೇ ಆಂಪ್ಲಿಫೈಯರ್ ಇರ್ತದೆ. ನೀ ಎಷ್ಟು ಬೇಕಾದ್ರೂ ಏರಿಸ್ಕೊ, ನಿಂಗೆ ಮಾತ್ರ ಕೇಳ್ತದೆ, ಹೊರಗಿಂದು ಹೊರಗೇ ಇರ್ತದೆ." ಕಮಲಾಕರ ಒಂದು ಗುಂಡಿ ಪೊಟ್ಟಣವನ್ನು ಕೈಯಲ್ಲಿ ಹೊರಳಿಸುತ್ತ ಕೂತ. "ಯಲ್ಲಾಪುರದಲ್ಲಿ ರಾಜ್ಯೋತ್ಸವದ ಪ್ರೋಗ್ರಾಮ್ ಉಂಟು. ಅಲ್ಲೂ ಹಿಂಗೇ ಆದ್ರೆ ನನ್ನ ಕೈಲಿ ಆಗೂದಿಲ್ಲ. ಈಗಿನ ಕೀಬೋರ್ಡಲ್ಲಿ ಗಿಟಾರಿನ ಸೌಂಡೂ ಬರ್ತದೆ."

"ಸಂದೇಶ ಹೇಳಿದ್ನ ಇದನ್ನ?"

"ಯಾರು ಹೇಳಿದ್ರೆಂತ," ಅಂದು ಕಮಲಾಕರ ಎದ್ದ.

ಸಂದೇಶ ಎರಡು ವರ್ಷದ ಹಿಂದೆ ಸೇರಿದ ಕೀಬೋರ್ಡಿನವನು. ಇಪ್ಪತ್ತನಾಲ್ಕರ ವಯಸ್ಸು, ಮಾತು ಕಡಿಮೆ. ಹಾಡು ಶುರುವಾಗುವ ಮೊದಲು ತನ್ನ ಕಡೆ ನೋಡಿ ಏನೋ ಗುಂಡಿ ಒತ್ತುತ್ತಾನೆ ಎಂಬುದನ್ನು ಚನ್ನವೀರ ಗಮನಿಸಿದ್ದ. ನೋಡಿ ನಗುತ್ತಾನೆ ಎಂದೇ ಎಣಿಸಿದ್ದ.

ಮನೆ ಇದ್ದದ್ದು ಇಸಳೂರಿನಲ್ಲಿ. ಸಂಜೆ ಅಂಗಡಿ ಮುಚ್ಚಿ, ಗಾಡಿಯ ಮೇಲೆ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತಾಗ ಚನ್ನವೀರ ವಿಷಯ ತೆಗೆದ.

"ಒಂದು ಮಾನಿಟರ್ ತರಬೇಕು ಅಂತ ಮಾಡೇನಿ."

ಮಗಳು ಶಿವಲೀಲಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಬಿ.ಕಾಂ. ಎರಡನೇ ವರ್ಷ. "ಖರೇನಾ ಅಪ್ಪಾ? ಬರೀ ಮಾನಿಟರ್ ತಂದ್ರ ಆಗೂದಿಲ್ಲ, ಸಿ.ಪಿ.ಯು. ಬೇಕು, ಕೀಬೋರ್ಡ್ ಬೇಕು."

"ಕೀಬೋರ್ಡ್ ಹೆಸರು ಎತ್ತಬ್ಯಾಡ. ಕಂಪ್ಯೂಟರ್ ಅಲ್ಲ ಇದು. ಸ್ಪೀಕರ್. ಸ್ಟೇಜ್ ಮ್ಯಾಲೆ ನನ್ನ ಕಡೆ ಮುಖಾ ಮಾಡಿ ಇಟ್ಕೊಳ್ಳೂದು."

ಶಿವಲೀಲಾಳ ಮುಖ ಇಳಿಯಿತು. ಮಹೇಶ್ವರಿ ಬದನೆಕಾಯಿ ಪಲ್ಯದ ಪಾತ್ರೆಯನ್ನು ಕೆಳಗಿಟ್ಟು ಗಂಡನನ್ನು ನೋಡಿದಳು. "ಪಿಕೋ ಮಷಿನ್?"

ಅವನು ರೊಟ್ಟಿಗೆ ಪಲ್ಯ ಹಚ್ಚಿಕೊಂಡ.

"ದಸರಾದೊಳಗ ತರೂದು ಅಂತ ನೀವ ಹೇಳಿದ್ರಿ. ಫಾಲ್ ನಮ್ಮ ಕಡೆ ತಗೋತಾರ, ಸೀರಿ ಅಂಚಿಗೆ ಪಿಕೋ ಹೊಲಸಾಕ ಬ್ಯಾರೇ ಕಡೆ ಹೋಗ್ತಾರ. ಬರಬರ್ತಾ ಫಾಲ್ ಸೈತ ಅಲ್ಲೇ ತಗೊಳ್ಳಾಕ ಹತ್ತ್ಯಾರ. ಅದನ್ನ ನೋಡ್ತಾ ಕುಂಡ್ರೂದು ನಾನು. ನೀವು ಗಿಟಾರ್ ತಗೊಂಡು ಹೋಗ್ತೀರಿ."

"ಪಿಕೋ ಯುಗಾದಿಗೆ ತಂದ್ರಾತು."

"ಅದ್ಯಾಕ ಯುಗಾದಿಗೆ? ಸ್ಪೀಕರ್ ಯುಗಾದಿಗೆ ತರ್ರಿ."

ಗೋಡೆಗೆ ಒರಗಿ ಕೂತಿದ್ದ ಚನ್ನವೀರನ ತಾಯಿ ಪಾರ್ವತವ್ವ, "ಏನಂತ?" ಎಂದು ಮೊಮ್ಮಗಳನ್ನು ಕೇಳಿದಳು. ಎಪ್ಪತ್ತು ದಾಟಿದ ಮೇಲೆ ಅವಳಿಗೆ ಕಿವಿ ಮಂದ. ಶಿವಲೀಲಾ ಹತ್ತಿರ ಸರಿದು ಮೆಲ್ಲಗೆ ಹೇಳಿದಳು.

"ಬಾರ್ಸೂದು ಮಂದಿ ಕೇಳ್ಲಿ ಅಂತ," ಅಂದಳು ಪಾರ್ವತವ್ವ. "ತನ್ನದು ತಾನ ಕೇಳಾಕ ಒಂದು ಡಬ್ಬಿ ಬೇಕೇನಪಾ? ವಯಸ್ಸಾತು, ಬಿಡು ಇನ್ನ. ರಾತ್ರಿ ಥಂಡ್ಯಾಗ ಟೆಂಪೋದಾಗ ತಿರಗೂದು ಎಷ್ಟು ದಿನಾ?"

ಚನ್ನವೀರ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದ.

ಆದರೂ ಅವನು ಸುಮ್ಮನೆ ಕೂರಲಿಲ್ಲ. ಊರಿನ ಶಾಮಿಯಾನದವನೊಬ್ಬನ ಹತ್ತಿರ ಹಳೆಯ ಸ್ಟೇಜ್ ಸ್ಪೀಕರ್ ಇತ್ತು. ಮರದ ದೊಡ್ಡ ಡಬ್ಬಿ, ನಾಲ್ಕು ಕೈ ಹತ್ತಿದರೆ ಏಳುವಂಥದ್ದು. ಒಳಗೆ ಆಂಪ್ಲಿಫೈಯರ್ ಇಲ್ಲ, ಅದಕ್ಕೆ ಬೇರೆಯದೇ ಜೋಡಿಸಬೇಕು. ನೋಡಿ ಹೇಳು, ಬೇಕಾದರೆ ಇಟ್ಟುಕೋ ಎಂದು ಕೊಟ್ಟಿದ್ದ. ಭಾನುವಾರ ಬೆಳಿಗ್ಗೆ ಚನ್ನವೀರ ಅದನ್ನು ನಡುಮನೆಯಲ್ಲಿಟ್ಟು, ತನ್ನ ಹಳೆಯ ಆಂಪ್ಲಿಫೈಯರ್ ಸಿಕ್ಕಿಸಿ, ಗಿಟಾರು ಹಿಡಿದು ಕೂತ. ಮೊದಲು ಗೊಂಯ್ ಎಂಬ ಸದ್ದು ಬಂತು. ಆಮೇಲೆ ದಪ್ಪ ತಂತಿ ಮೀಟಿದರೆ ಷೋಕೇಸಿನ ಗಾಜು ನಡುಗಿತು. ಸಣ್ಣ ತಂತಿಗಳು ಮಾತ್ರ ಎಲ್ಲಿಯೋ ಕಂಬಳಿಯ ಕೆಳಗಿಂದ ಬಂದ ಹಾಗೆ ಕೇಳಿದವು. ಅವನು ಏರಿಸುತ್ತ ಹೋದ.

ಮಹೇಶ್ವರಿ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳು. ಅಲ್ಲಿಂದಲೇ ಕೂಗಿದಳು. "ಏನ್ರಿ, ಕುಕ್ಕರ್ ಬಂದ್ ಮಾಡ್ರಿ. ಸೀಟಿ ಆದ್ವು." ಇನ್ನೊಮ್ಮೆ ಕೂಗಿದಳು. ಬಕೆಟ್ಟು ಹಿಡಿದು ಇಳಿದು ಬರುವಷ್ಟರಲ್ಲಿ ಬೇಳೆ ಹತ್ತಿದ ವಾಸನೆ ಹೊರಬಾಗಿಲ ತನಕ ಬಂದಿತ್ತು. ಚನ್ನವೀರ ಸ್ಪೀಕರಿನ ಮುಂದೆ ತಲೆ ಬಗ್ಗಿಸಿ ಕೂತೇ ಇದ್ದ.

ಅವಳು ಹೋಗಿ ವೈರು ಕಿತ್ತಳು. ಮನೆ ಒಮ್ಮೆಗೇ ಸ್ತಬ್ಧವಾಯಿತು.

"ನಾ ಕರದ್ರ ಕೇಳೂದಿಲ್ಲ. ಕುಕ್ಕರ್ ಸೀಟಿ ಕೇಳೂದಿಲ್ಲ. ನಿಮಗ ನಿಮ್ಮ ಗಿಟಾರ್ ಅಷ್ಟ ಕೇಳಬೇಕು, ಹೌದಲ್ರಿ?"

"ನೀ ಕರದಿದ್ದಿ ಏನು?"

"ಇಲ್ಲ. ಸುಮ್ನ ಹಾಡಾಕ ಹತ್ತಿದ್ದೆ."

"ಸೌಂಡಿನ್ಯಾಗ ಗೊತ್ತಾಗ್ಲಿಲ್ಲ."

"ಸೌಂಡ್ ಇಲ್ದಾಗರ ಯಾವಾಗ ಗೊತ್ತಾಗೇತಿ? ಒಂದು ವರ್ಷಾತು, ಎರಡು ಸಲಾ ಕರೀದ ನೀವು ಓ ಅಂದಿಲ್ಲ. ನಾ ಏನು ಗ್ವಾಡಿ ಕೂಡ ಸಂಸಾರಾ ಮಾಡಾಕತ್ತೇನೇನು?"

ಅವತ್ತಿನಿಂದ ಮಹೇಶ್ವರಿ ಗಂಡನೊಡನೆ ಮಾತು ಬಿಟ್ಟಳು. ಹೇಳುವುದೆಲ್ಲ ಮಗಳ ಮೂಲಕ. "ಲೀಲಾ, ನಿಮ್ಮಪ್ಪಗ ಹೇಳು, ಸಾರು ಆರ್ತದ." "ಲೀಲಾ, ನಿಮ್ಮವ್ವಗ ಕೇಳು, ಬಿಳಿ ಅಂಗಿ ಎಲ್ಲಿ." ಮೂರನೆಯ ದಿನ ಶಿವಲೀಲಾ ಪುಸ್ತಕ ಮುಚ್ಚಿದಳು. "ಅವ್ವಾ, ಅಪ್ಪಾ, ನನಗ ಪರೀಕ್ಷಾ ಅದಾವು. ಇಬ್ಬರೂ ಮನ್ಯಾಗ ಇದ್ದೀರಿ, ನಿಮ್ಮ ನಿಮ್ಮ ಮಾತು ನೀವ ಆಡ್ಕೊಳ್ರಿ." ಯಾರೂ ಆಡಿಕೊಳ್ಳಲಿಲ್ಲ. ದೊಡ್ಡ ಡಬ್ಬಿಯನ್ನು ಚನ್ನವೀರ ಶಾಮಿಯಾನದವನಿಗೆ ಹಿಂದಿರುಗಿಸಿ ಬಂದ.

ಆ ಗುರುವಾರ ಮಧ್ಯಾಹ್ನ ಮಹೇಶ್ವರಿ ಎಂದಿನಂತೆ ಊಟದ ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಅಂಗಡಿಗೆ ಬಂದಳು. ಮಾತಿಲ್ಲದೆ ಗಂಡನ ಎಡಗಡೆಯ ಸ್ಟೂಲಿನ ಮೇಲೆ ಕೂತಳು. ಅದೇ ಹೊತ್ತಿಗೆ ಹೊಲಿಗೆಯ ದೇವಕ್ಕ ಬಂದು ಗಲ್ಲೆಯ ಮೇಜಿನ ಎಡತುದಿಯಲ್ಲಿ ನಿಂತು, ಕಸೂತಿ ದಾರ ಕೇಳಿದಳು. ಚನ್ನವೀರ ಹತ್ತಿ ದಾರದ ಉಂಡೆ ತೆಗೆದಿಟ್ಟ.

"ಇದಲ್ಲ ಅಣ್ಣಾ. ಕಸೂತಿ ದಾರ."

ಅವನು ಇನ್ನೊಂದು ನಮೂನೆಯ ಹತ್ತಿ ದಾರ ತೆಗೆದ. ದೇವಕ್ಕ ಮಹೇಶ್ವರಿಯ ಮುಖ ನೋಡಿ ನಕ್ಕಳು. ಮಹೇಶ್ವರಿ ಎದ್ದು ಬೇಕಾದದ್ದು ಕೊಟ್ಟು ಕಳಿಸಿದಳು. ಮತ್ತೆ ಸ್ಟೂಲಿನ ಮೇಲೆ ಕೂತು ಗಂಡನನ್ನೇ ನೋಡಿದಳು. ಅವನು ಏನೂ ಆಗಿಲ್ಲವೆಂಬಂತೆ ಲೇಸು ಸುತ್ತುತ್ತಿದ್ದ.

"ಊಟಾ ಮಾಡ್ರಿ," ಅಂದಳು, ಸಾಧಾರಣ ದನಿಯಲ್ಲಿ.

ಅವನು ಲೇಸು ಸುತ್ತುತ್ತಲೇ ಇದ್ದ. ಮೋರೆಯ ಮೇಲೆ ಸಿಟ್ಟಿಲ್ಲ, ಬಿಗುವಿಲ್ಲ. ಮಾತು ಬಂದದ್ದೇ ಗೊತ್ತಿಲ್ಲದವನ ಮೋರೆ. ಮಹೇಶ್ವರಿ ಎದ್ದು ಅವನ ಹಿಂದಿನಿಂದ ಬಲಕ್ಕೆ ಬಂದು ನಿಂತು ಅಷ್ಟೇ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. "ಊಟಾ ಮಾಡ್ರಿ."

ಚನ್ನವೀರ ಥಟ್ಟನೆ ತಿರುಗಿದ. ಅವನ ಮುಖ ಅರಳಿತು. "ಅಂತೂ ಮಾತಾಡಿದಿ."

"ಆಗಳೂ ಮಾತಾಡಿದೆ," ಅಂದಳು ಮಹೇಶ್ವರಿ. ಡಬ್ಬಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವನ ಮುಂದಿಟ್ಟು, ಅವನು ತಿಂದು ಮುಗಿಸುವ ತನಕ ಬಲಗಡೆಯೇ ನಿಂತಿದ್ದಳು.

ಮರುದಿನ ಅಂಗಡಿಯನ್ನು ಅರ್ಧ ಹೊತ್ತು ಮುಚ್ಚಿ ಕಿವಿಯ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಬಂದಾಗೆಲ್ಲ ಬೆರಳೆತ್ತಲು ಹೇಳಿದರು. ಬಲಗಿವಿಗೆ ಬೆರಳು ಸರಸರ ಎದ್ದಿತು. ಎಡಗಿವಿಗೆ ಬಹಳ ಹೊತ್ತು ತೊಡೆಯ ಮೇಲೆಯೇ ಇತ್ತು. ಮಹೇಶ್ವರಿ ಆ ಬೆರಳನ್ನೇ ನೋಡುತ್ತ ಕೂತಿದ್ದಳು.

"ಡ್ರಮ್ ಯಾವ ಕಡೆ ಇರ್ತದೆ ನಿಮಗೆ?" ಎಂದು ಡಾಕ್ಟರು ಕೇಳಿದರು.

"ಎಡಕ್ಕ, ಹಿಂದ. ಮೊದಲಿಂದ್ಲೂ ಅಲ್ಲೇ."

"ಹೋದದ್ದು ವಾಪಸ್ ಬರೂದಿಲ್ಲ. ಇದ್ದದ್ದು ಉಳಿಸ್ಕೊಳ್ಳಬಹುದು. ಸಣ್ಣ ದನಿ, ಸೀಟಿ, ಸಕಾರ ಚಕಾರ, ಇವೆಲ್ಲ ಎಡಕ್ಕೆ ಕೇಳೂದು ಕಷ್ಟ. ಜೋರು ಸದ್ದಿನ ಹತ್ತಿರ ಎಡಗಿವಿಗೆ ಹತ್ತಿ ಇಟ್ಟುಕೊಂಡ್ರೆ ಸಾಲದು, ಕಿವಿಗೆ ಹಾಕೂ ಬೂಚು ಸಿಗ್ತದೆ, ಅದನ್ನ ಹಾಕಿ. ಬಾರಿಸೂದು ಬಿಡಬೇಕು ಅಂತ ಇಲ್ಲ. ಜೋರು ಬಾರಿಸೂದು ಬಿಡಿ."

ಮನೆಗೆ ಬಂದ ಮೇಲೆ ಚನ್ನವೀರ ಗಿಟಾರನ್ನು ಚೀಲದೊಳಗೆ ಹಾಕಿಟ್ಟ. ಊಟದ ಹೊತ್ತಿಗೆ, "ಗಿಟಾರ್ ಮಾರಿಬಿಡೂನು. ಆ ರೊಕ್ಕದಾಗ ನಿನ್ನ ಪಿಕೋ ಬರ್ತದ," ಅಂದ.

"ಗಿಟಾರ್ ಮಾರಿದ್ರ ಕಿವಿ ಬರ್ತಾವೇನು?" ಅಂದಳು ಮಹೇಶ್ವರಿ. "ಬಿಟ್ಟು ಮನ್ಯಾಗ ಕುಂತ್ರ ಉಪ್ಪು ಹೆಚ್ಚಾತು, ಖಾರ ಕಡಿಮಿ ಆತು ಅಂತ ನನ್ನ ಜೀವಾ ತಿಂತೀರಿ. ಅದು ನನಗ ಬ್ಯಾಡ."

"ಮತ್ತ ದೊಡ್ಡದೊಂದು ತಂದ್ರ ಕೇಳಬಹುದು. ಆ ಮರದ್ದಕ್ಕಿಂತ ದೊಡ್ಡದು."

ಶಿವಲೀಲಾ ಅಜ್ಜಿಗೆ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ಪಾರ್ವತವ್ವ ಸೊಸೆ ಕೊಟ್ಟ ಹಾಲಿನ ಲೋಟ ಕೆಳಗಿಟ್ಟಳು.

"ಇವರೆಲ್ಲಾ ನನ್ನ ಕೂಡ ಒದರ್ತಾರ," ಅಂದಳು ಮಗನಿಗೆ. "ನೀನೂ ಒದರ್ತಿ. ಒದರಿದ್ದು ಕೇಳ್ತದ, ತಿಳಿಯೂದಿಲ್ಲ. ಲೀಲಾ ಬಾಜೂಕ ಬಂದು ಸಾವಕಾಶ ಹೇಳ್ತಾಳ, ಅದು ತಿಳೀತದ. ನಿನಗ ದೊಡ್ಡ ದನಿ ಯಾಕ? ಹಂತೇಕ ಕುಂತು ಹೇಳೂದು ಬೇಕು."

"ಬಿಡು ಅಂದಾಕಿ ನೀನ ಅಲ್ಲೇನವ್ವ?"

"ಆಗ ಅಂದೆ. ಈಗ ಕಿವಿ ಹೋದಾವು ಅಂತ ಗೊತ್ತಾತಲ್ಲ. ಕಿವಿ ಹೋದವರು ಎಲ್ಲಾ ಬಿಟ್ಟು ಕುಂಡ್ರೂದಾದ್ರ ನಾ ಏನ್ ಬಿಡಬೇಕು, ಹೇಳು."

ದಸರೆ ಮುಗಿದ ಮೇಲಿನ ಸೋಮವಾರ ಗಂಡ ಹೆಂಡತಿ ಇಬ್ಬರೂ ಯಲ್ಲಾಪುರದ ಬಸ್ಸು ಹತ್ತಿದರು. ಚನ್ನವೀರನ ತೊಡೆಯ ಮೇಲೆ ಗಿಟಾರು, ಕಾಲ ಬುಡದಲ್ಲಿ ಹಳೆಯ ಆಂಪ್ಲಿಫೈಯರ್. ಮಹೇಶ್ವರಿ ಕಿಟಕಿಯ ಸೀಟು ಅವನಿಗೆ ಬಿಡದೆ, ಅವನ ಬಲಗಡೆ ಬರುವಂತೆ ತಾನೇ ಕೂತಳು. ಯಲ್ಲಾಪುರದಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ವೆಂಕಟ್ರಮಣ ಇದ್ದ. ರಾಜ್ಯೋತ್ಸವಕ್ಕೂ ಅವನದೇ ಸೌಂಡು. ಮೂರು ಮಾನಿಟರ್ ಮಾರಾಟಕ್ಕಿವೆ ಎಂದು ಕಮಲಾಕರ ತಿಳಿಸಿದ್ದ.

"ಬನ್ನಿ ಬನ್ನಿ, ಅಕ್ಕನೂ ಬಂದ್ರಾ," ಎಂದು ವೆಂಕಟ್ರಮಣ ಗೋದಾಮಿನ ಷಟರ್ ಎತ್ತಿದ. ಒಳಗೆ ಮೂರನ್ನೂ ಸಾಲಾಗಿ ಇಟ್ಟಿದ್ದ. ಮೂರಕ್ಕೂ ಒಳಗೇ ಆಂಪ್ಲಿಫೈಯರ್. ಕರೆಂಟಿನ ವೈರೊಂದು, ಗಿಟಾರಿನ ವೈರೊಂದು, ಇನ್ನೊಂದು ವೈರು ಹಿಂದಿನಿಂದ ದೊಡ್ಡ ಮಿಕ್ಸರಿಗೆ. ಒಂದಕ್ಕೆ ಹದಿನೈದು ಇಂಚಿನ ಸ್ಪೀಕರ್, ಒಂದಕ್ಕೆ ಹನ್ನೆರಡು, ಕೊನೆಯದಕ್ಕೆ ಹತ್ತು. ಹತ್ತರದು ಅಕ್ಕಿ ಡಬ್ಬಿಯಷ್ಟಿತ್ತು.

ಚನ್ನವೀರ ನೇರ ಹದಿನೈದರ ಹತ್ತಿರ ಹೋದ. ಮೀಟಿದ. ಎದೆಗೆ ಬಂದು ಗುದ್ದಿದ ಹಾಗಾಯಿತು. "ಇದು ಸ್ಪೀಕರ್," ಅಂದ.

"ಚಲೋ ಮಾಲು," ಅಂದ ವೆಂಕಟ್ರಮಣ. "ಆದ್ರೆ ಗೋದಾಮಲ್ಲಿ ಕೇಳೂದು ಬೇರೆ, ಡ್ರಮ್ಮಿನ ಮುಂದೆ ಕೇಳೂದು ಬೇರೆ."

"ಹಂಗಾದ್ರ ಡ್ರಮ್ ಹಚ್ಚಿ ನೋಡೂನ್ರಿ," ಅಂದಳು ಮಹೇಶ್ವರಿ.

ವೆಂಕಟ್ರಮಣ ಟೇಪಿನಲ್ಲಿ ಡ್ರಮ್ಮಿನ ಸದ್ದು ಹಚ್ಚಿ, ದೊಡ್ಡ ಸ್ಪೀಕರುಗಳನ್ನು ಚನ್ನವೀರನ ಬೆನ್ನ ಹಿಂದೆ, ಎಡಕ್ಕೆ ತಿರುಗಿಸಿಟ್ಟ. ಎಡಗಿವಿಗೆ ಬೂಚು ಹಾಕಿಸಿದರು. ಮಹೇಶ್ವರಿ ಗಂಡನಿಗೆ, "ಕಣ್ಣು ಮುಚ್ರಿ. ಒಂದ ತಂತಿ ಮೀಟ್ತಾ ಇರ್ರಿ. ನಾ ಸೊನ್ನಿಯಿಂದ ಒಂದೊಂದ ಏರಿಸ್ಕೋತ ಬರ್ತೇನಿ. ನಿಮ್ಮ ತಂತಿ ನಿಮಗ ಸ್ವಚ್ಛ ಕೇಳಿದ ಕೂಡ್ಲೆ ಕೈ ಎತ್ರಿ," ಎಂದಳು. ಡಾಕ್ಟರು ಮಾಡಿದ್ದನ್ನು ಅವಳು ನೋಡಿದ್ದಳು.

ಹದಿನೈದರದ್ದು ಅರ್ಧ ದಾಟಿದ ಮೇಲೆ ಅವನು ಕೈ ಎತ್ತಿದ. ಹನ್ನೆರಡರದ್ದಕ್ಕೆ ಸ್ವಲ್ಪ ಬೇಗ. ಹತ್ತರದು ಹಗುರವಿದ್ದುದರಿಂದ ಮಹೇಶ್ವರಿ ಅದನ್ನು ನೆಲದ ಮೇಲಿಡದೆ ಒಂದು ಕುರ್ಚಿಯ ಮೇಲಿಟ್ಟು, ಅವನ ಬಲಗಿವಿಯ ಮಟ್ಟಕ್ಕೆ ತಂದಳು. ಇನ್ನೂ ಗುಂಡಿ ತಿರುಗಿಸತೊಡಗಿದ್ದಳಷ್ಟೇ, ಅವನ ಕೈ ಎದ್ದಿತು. ಅವಳು ನಂಬದೆ ಸೊನ್ನೆಗೆ ಇಳಿಸಿ ಮತ್ತೆ ಏರಿಸಿದಳು. ಅಲ್ಲಿಗೇ ಕೈ ಎದ್ದಿತು.

"ಯಾವುದು ಇದು?" ಎಂದು ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ.

"ನೋಡ್ರಿ."

ಚನ್ನವೀರ ನೋಡಿದ. ಮುಖ ಸಣ್ಣಗಾಯಿತು. "ಇದನ್ನ ಸ್ಟೇಜ್ ಮ್ಯಾಲೆ ಇಟ್ರ ಮಂದಿ ನಗ್ತಾರ."

"ಮಂದಿ ಕಡೆ ಬೆನ್ನು ಮಾಡಿ ಇರ್ತದಲ್ರಿ. ಅವರಿಗೇನ್ ಕಾಣ್ತದ." ಅವಳು ಹಿಡಿಕೆ ಹಿಡಿದು ಒಂದೇ ಕೈಯಲ್ಲಿ ಅದನ್ನು ಎತ್ತಿ ಕೆಳಗಿಟ್ಟಳು. "ಬಸ್ಸಿನ್ಯಾಗ ಕಾಲಾಗ ಹಿಡಸ್ತದ. ಆ ದೊಡ್ಡದು ತಂದ್ರ ಹೊರಾಕ ಇಬ್ಬರು ಬೇಕು, ನಿಮಗ ಕೇಳಾಕ ಅರ್ಧಕ್ಕಿಂತ ಮ್ಯಾಲೆ ಏರಸಬೇಕು. ಮತ್ತ ಅದ ಜೋರು, ಅದ ಜಗಳ."

ವೆಂಕಟ್ರಮಣ ನಡುವೆ ಬಾಯಿ ಹಾಕಿದ. "ದೊಡ್ಡದು ಮಾರಿದ್ರೆ ನಂಗೇ ಲಾಭ. ಆದ್ರೂ ಅಕ್ಕ ಹೇಳೂದೇ ಸರಿ ಉಂಟು."

ಚನ್ನವೀರ ಹತ್ತರದಕ್ಕೆ ಮತ್ತೊಮ್ಮೆ ವೈರು ಸಿಕ್ಕಿಸಿ, ಹಿಂದೆ ಡ್ರಮ್ಮು ಬಡಿಯುತ್ತಿರುವಂತೆಯೇ ಒಂದು ಹಾಡಿನ ಮಧ್ಯದ ಭಾಗ ಬಾರಿಸಿದ. ಮುಗಿಸಿ, "ಕೇಳ್ತದ," ಅಂದ. ಹಳೆಯ ಆಂಪ್ಲಿಫೈಯರನ್ನು ವೆಂಕಟ್ರಮಣ ಬೆಲೆಯ ಒಂದು ಪಾಲಾಗಿ ತೆಗೆದುಕೊಂಡ. ಉಳಿದದ್ದನ್ನು ಮಹೇಶ್ವರಿ ತನ್ನ ಚೀಲದಿಂದ ಕೊಟ್ಟಳು.

ಬಸ್ಸಿನಲ್ಲಿ ಚನ್ನವೀರ ಕೇಳಿದ. "ನಿನ್ನ ಪಿಕೋ?"

"ದೇವಕ್ಕನ ಮನ್ಯಾಗ ಪಿಕೋ ಮಷಿನ್ ಐತಿ. ಓಣಿ ಒಳಗ ಐತಿ ಅಂತ ಯಾರೂ ಹೋಗೂದಿಲ್ಲ. ನಮ್ಮ ಅಂಗಡಿ ಹಿಂದಿನ ಮೂಲಿ ಖಾಲಿ ಐತಿ. ತಂದು ಹಾಕವ್ವ, ಬಂದದ್ರಾಗ ಅರ್ಧ ನಿನಗ, ಅರ್ಧ ನಮಗ ಅಂದೇನಿ. ನಾಳೆ ತರ್ತಾಳ."

"ನನಗ ಹೇಳ್ಲೇ ಇಲ್ಲ."

"ಹೇಳಿದ್ದೆ. ಎಡಕ್ಕ ಕುಂತಿದ್ದೆ," ಅಂದು ಮಹೇಶ್ವರಿ ನಕ್ಕಳು. ಅವನೂ ನಕ್ಕ.

ರಾಜ್ಯೋತ್ಸವದ ಸಂಜೆ ಯಲ್ಲಾಪುರದ ಮೈದಾನದಲ್ಲಿ ಕುರ್ಚಿಗಳು ತುಂಬಿದ್ದವು. ಮಹೇಶ್ವರಿ ಮತ್ತು ಶಿವಲೀಲಾ ಮೂರನೇ ಸಾಲಿನಲ್ಲಿ ಕೂತರು. ಮದುವೆಯ ಹೊಸತರಲ್ಲಿ ಬಿಟ್ಟರೆ ಮಹೇಶ್ವರಿ ಗಂಡನ ಕಾರ್ಯಕ್ರಮಕ್ಕೆ ಬಂದದ್ದೇ ಇಲ್ಲ. ವೇದಿಕೆಯ ಮೇಲೆ ಚನ್ನವೀರ ಕಬ್ಬಿಣದ ಸ್ಟೂಲಿನ ಮೇಲೆ ಸಣ್ಣ ಡಬ್ಬಿ ಇಟ್ಟು ತನ್ನ ಬಲಗಿವಿಯ ಕಡೆ ತಿರುಗಿಸಿಕೊಂಡ. ಡ್ರಮ್ಮಿನವನು ನೋಡಿ, "ಟಿಫಿನ್ ತಂದ್ರಾ ಅಣ್ಣ?" ಅಂದ. ಕಮಲಾಕರ ನಗಲಿಲ್ಲ. ಅವನಿಗೆ ಮುಂದಿನ ಸಾಲಿನವರದೇ ಚಿಂತೆ.

ಶುರುವಾಗುವ ಮೊದಲು ತಂತಿ ಸರಿ ಮಾಡಿಕೊಳ್ಳುವಾಗ ಚನ್ನವೀರನ ಕೈ ತಡೆಯಿತು. ತಂತಿಗಳ ಶ್ರುತಿ ಇಳಿದಿತ್ತು. ಒಂದೆರಡಲ್ಲ, ಎಲ್ಲವೂ ಒಂದೇ ಸಮ ತುಸು ಇಳಿದಿದ್ದವು. ದಿನಾ ಹೀಗೆಯೇ ಕಟ್ಟಿ ಬಾರಿಸುತ್ತಿದ್ದೆನಲ್ಲ ಎಂದು ಅವನಿಗೆ ಹೊಳೆಯಿತು. ಕಿವಿಯನ್ನು ಡಬ್ಬಿಗೆ ಹತ್ತಿರ ತಂದು ಒಂದೊಂದನ್ನೇ ಏರಿಸಿ ಸರಿಮಾಡಿದ.

ಮೊದಲ ಹಾಡು ಎದ್ದಿತು. ಗಿಟಾರು ಸರಿಯಿತ್ತು, ಕೀಬೋರ್ಡು ಮಾತ್ರ ಎಲ್ಲೋ ಕೆಳಗೆ ಜಗ್ಗುತ್ತಿತ್ತು. ಚನ್ನವೀರ ಗಾಬರಿಯಿಂದ ಸಂದೇಶನ ಕಡೆ ನೋಡಿದ. ಸಂದೇಶನೂ ಗಾಬರಿಯಿಂದ ಇವನನ್ನೇ ನೋಡುತ್ತಿದ್ದ. ಆಮೇಲೆ ಬೇಗ ಬೇಗ ಏನೋ ಗುಂಡಿ ಒತ್ತಿದ. ಹಾಡಿನ ಎರಡನೇ ಚರಣಕ್ಕೆ ಎರಡೂ ಒಂದಾದವು.

ಆಮೇಲೆ ತೊಂದರೆ ಬರಲಿಲ್ಲ. ಒಮ್ಮೆ ಹಾಡುವವಳ ಮೈಕು ಹತ್ತಿರ ಬಂದು ಡಬ್ಬಿ ಕುಂಯ್ಯೆಂದಿತು. ಅವನು ಅದನ್ನು ಇನ್ನಷ್ಟು ತನ್ನ ಕಡೆ ಹೊರಳಿಸಿದ, ಸುಮ್ಮನಾಯಿತು. ಹಾಡುವವಳು ಮೆಲುದನಿಯಲ್ಲಿ ಎತ್ತಿಕೊಂಡ ಹಾಡಿಗೆ ಅವನು ಅದಕ್ಕಿಂತ ಮೆಲ್ಲಗೆ ಬಾರಿಸಿದ. ಮೂರನೇ ಸಾಲಿನಲ್ಲಿ ಶಿವಲೀಲಾ ತಾಯಿಯ ಕಡೆ ಬಗ್ಗಿ, "ಅಪ್ಪ ಇಷ್ಟು ಸಾವಕಾಶ ಬಾರಸ್ತಾನಂತ ಗೊತ್ತ ಇರಲಿಲ್ಲ," ಅಂದಳು. ಮಹೇಶ್ವರಿ, "ಸುಮ್ನ ಕೇಳು," ಅಂದಳು.

ಮುಗಿದ ಮೇಲೆ ಕಮಲಾಕರ ಬಂದ. "ಡಿಸೆಂಬರಲ್ಲಿ ಸಿದ್ದಾಪುರದಲ್ಲಿ ಒಂದು ರಿಸೆಪ್ಷನ್ ಉಂಟು ಮಾರಾಯ. ನೀ ಬಾ, ಅಲ್ಲಿಯವ್ರಿಗೆ ನಾ ಹೇಳ್ತೆ," ಅಂದ. ಸಂದೇಶ ಮಾತ್ರ ವೈರು ಸುತ್ತುತ್ತ ತಲೆಯೆತ್ತಲಿಲ್ಲ. ಮೊದಲ ಹಾಡಿನಲ್ಲಿ ಅವನ ಗಾಬರಿ ಕಂಡಿದ್ದ ಮಹೇಶ್ವರಿಯೇ ಅವನ ಹತ್ತಿರ ಹೋದಳು. "ತಮ್ಮಾ, ಭಾನುವಾರ ನಮ್ಮನಿಗೆ ಊಟಕ್ಕ ಬಾ. ಇಸಳೂರು. ಬಸ್ ಸ್ಟಾಪಿಗೆ ಇಳಿದು ಕೇಳಿದ್ರ ಯಾರಾದ್ರೂ ತೋರಸ್ತಾರ."

ಭಾನುವಾರ ಸಂದೇಶ ಬಂದ. ಪಾರ್ವತವ್ವ ಅವನನ್ನು ಹತ್ತಿರ ಕೂರಿಸಿಕೊಂಡು ಊರು, ಮನೆ, ತಾಯಿ ಏನು ಮಾಡುತ್ತಾಳೆ, ಅಕ್ಕ ತಂಗಿಯರೆಷ್ಟು ಎಂದೆಲ್ಲ ಕೇಳಿದಳು. ಅವನು ವಾನಳ್ಳಿಯ ಕಡೆಯವನು. ಅವಳಿಗೆ ಕೇಳುವಂತೆ ಹತ್ತಿರ ಬಗ್ಗಿ ನಿಧಾನವಾಗಿ ಉತ್ತರ ಹೇಳಿದ. ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಮೊಸರು. ರೊಟ್ಟಿ ತಿಂದು ರೂಢಿಯಿಲ್ಲದೆ ಅವನು ಮೊದಲನೆಯದನ್ನು ಸಣ್ಣ ಸಣ್ಣ ತುಂಡು ಮಾಡಿದ. ಶಿವಲೀಲಾ ನಗು ತಡೆದಳು.

"ಅವತ್ತು ಮೊದಲನೇ ಹಾಡಿಗೆ ಏನಾಗಿತ್ತು ನಿನ್ನ ಕೀಬೋರ್ಡಿಗೆ?" ಎಂದು ಚನ್ನವೀರ ಕೇಳಿದ.

ಸಂದೇಶ ತಟ್ಟೆ ನೋಡಿದ. "ಹೇಳಿದ್ರೆ ನಿಮಗೆ ಬೇಜಾರಾಗ್ತದೆ ಚನ್ನವೀರಣ್ಣ."

"ಹೇಳು."

"ನಿಮ್ಮ ಗಿಟಾರು ಯಾವಾಗ್ಲೂ ಸ್ವಲ್ಪ ಇಳಿದಿರ್ತಿತ್ತು. ಕೀಬೋರ್ಡಲ್ಲಿ ಶ್ರುತಿ ಏರಿಸೂದು ಇಳಿಸೂದು ಮಾಡ್ಲಿಕ್ಕೆ ಬರ್ತದೆ. ಪ್ರತಿ ಹಾಡಿಗೂ ಮೊದಲು ನಿಮ್ಮ ತಂತಿ ಕೇಳಿ, ನಂದನ್ನ ಅಲ್ಲಿಗೆ ಇಳಿಸ್ಕೊಳ್ತಿದ್ದೆ. ಅವತ್ತು ಕೇಳ್ದೆ, ರೂಢಿ ಮೇಲೆ ಇಳಿಸೇ ಕೂತಿದ್ದೆ. ನೀವು ಸರಿ ಬಾರಿಸಿದ್ರಿ."

ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು, ಮಹೇಶ್ವರಿ ಅದನ್ನು ತೆಗೆಯುವುದನ್ನೂ ಮರೆತು ನಿಂತಳು.

"ಎರಡು ವರ್ಷಾ?" ಅಂದ ಚನ್ನವೀರ.

"ಹೌದು."

"ಕಮಲಾಕರಗ ಗೊತ್ತ?"

"ಇಲ್ಲ. ಕೀಬೋರ್ಡಲ್ಲೇ ಗಿಟಾರ್ ಬಾರಿಸು ಅಂತ ಅವ್ರು ಹೇಳಿದ್ರು. ಅದು ಗಿಟಾರ್ ಥರ ಕೇಳೂದಿಲ್ಲ ಅಂತ ನಾನೇ ಹೇಳಿದ್ದೆ."

"ನನಗರ ಹೇಳಬಾರದಿತ್ತೇನಪಾ?"

"ದೊಡ್ಡವ್ರಿಗೆ ಹೆಂಗೆ ಹೇಳೂದು? ನೀವು ಬಾರಿಸೂದು ಚಂದ ಇತ್ತು. ನಾನು ಸ್ವಲ್ಪ ಇಳಿದ್ರೆ ಆಗ್ತಿತ್ತು."

ಪಾರ್ವತವ್ವ ಮೊಮ್ಮಗಳ ತೋಳು ತಟ್ಟಿದಳು. ಶಿವಲೀಲಾ ಕಿವಿಯಲ್ಲಿ ಹೇಳಿದಳು. ಕೇಳಿ ಮುಗಿಸಿ ಪಾರ್ವತವ್ವ ಸಂದೇಶನ ತಲೆಯ ಮೇಲೆ ಕೈಯಿಟ್ಟಳು. ಚನ್ನವೀರ ಎದ್ದ. ಒಲೆಯ ಹತ್ತಿರ ಹೋಗಿ, ಹೆಂಡತಿಯ ಕೈಯಿಂದ ಬಿಸಿ ರೊಟ್ಟಿ ತೆಗೆದುಕೊಂಡು, ಅದರ ಮೇಲೆ ಬೆಣ್ಣೆಯ ಮುದ್ದೆಯಿಟ್ಟು ತಾನೇ ಬಂದು ಸಂದೇಶನ ತಟ್ಟೆಗೆ ಹಾಕಿದ.

"ಸಣ್ಣ ತುಂಡು ಮಾಡಬ್ಯಾಡ," ಅಂದ. "ಹಿಂಗ ಮುರೀಬೇಕು." ಮುರಿದು ತೋರಿಸಿದ. ಅವನ ಕಣ್ಣುಗಳು ತುಂಬಿದ್ದವು.

ಊಟವಾದ ಮೇಲೆ ಸಂದೇಶ ಗಾಡಿಯ ಹಿಂದೆ ಕಟ್ಟಿ ತಂದಿದ್ದ ಕೀಬೋರ್ಡನ್ನು ನಡುಮನೆಗೆ ತಂದ. ಮಾನಿಟರಿನ ಹಿಂದೆ ವೈರು ಸಿಕ್ಕಿಸಲು ಎರಡು ತೂತು ಇರುವುದನ್ನು ತೋರಿಸಿದ. ಚನ್ನವೀರ ಈ ತನಕ ಅದನ್ನು ನೋಡಿರಲಿಲ್ಲ. ಒಂದಕ್ಕೆ ಗಿಟಾರು, ಇನ್ನೊಂದಕ್ಕೆ ಕೀಬೋರ್ಡು ಸಿಕ್ಕಿಸಿದರು. ಡಬ್ಬಿಯನ್ನು ಎಲ್ಲಿಡುವುದೆಂದು ಚರ್ಚೆಯಾಯಿತು. ಚನ್ನವೀರನ ಬಲಕ್ಕೆ ಇಟ್ಟರೆ ಸಂದೇಶನಿಗೆ ಬೆನ್ನಾಗುತ್ತಿತ್ತು. ಮಹೇಶ್ವರಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಸಂದೇಶನ ಕುರ್ಚಿಯನ್ನೇ ಎಳೆದು ಗಂಡನ ಬಲಕ್ಕೆ ಹಾಕಿದಳು. ಇಬ್ಬರ ಎದುರಿಗೆ ಡಬ್ಬಿಯನ್ನಿಟ್ಟಳು.

"ಶ್ರುತಿ ಕೊಡು," ಅಂದ ಚನ್ನವೀರ.

ಸಂದೇಶ ಕೀಬೋರ್ಡಿನ ಒಂದು ಸ್ವರದ ಮನೆ ಒತ್ತಿ ಹಿಡಿದ. ಚನ್ನವೀರ ತಲೆ ಬಗ್ಗಿಸಿ, ಒಂದೊಂದೇ ತಂತಿಯನ್ನು ಅಲ್ಲಿಗೆ ಏರಿಸತೊಡಗಿದ. ಅವನಿಗೆ ಅವಸರವಿರಲಿಲ್ಲ. ಸಂದೇಶನೂ ಬೆರಳು ತೆಗೆಯದೆ ಕಾದ.